ಪ್ಲಾಸ್ಟಿಕ್ ಪೈಪಿನಿಂದ ವಾಷಿಂಗ್ ಮೆಷಿನ್‌ಗೆ ನೀರಿನ ಜೋಡಣೆ

ಪ್ರಶ್ನೆ: ನಮ್ಮ ಮನೆಯ ನೀರಿನ ಪೈಪುಗಳೆಲ್ಲ ಪ್ಲಾಸ್ಟಿಕ್‌ನವು. ವಾಷಿಂಗ್ ಮೆಷಿನ್‌ನ ನಲ್ಲಿಯನ್ನು ನೇರವಾಗಿ ಅವಕ್ಕೇ ಜೋಡಿಸಿದರೆ ಮುಂದೆ ಸೋರುವ ಅಥವಾ ಒಡೆಯುವ ಭಯವಿದೆಯೇ?

ಉತ್ತರ: ಧಾರಾಳವಾಗಿ ಜೋಡಿಸಬಹುದು. ಇಂಥ ಜೋಡಣೆಗಳು ಕೆಡುವುದು ಬಹುಮಟ್ಟಿಗೆ ಲೋಹದ ನಲ್ಲಿಯು ಪ್ಲಾಸ್ಟಿಕ್ ಫಿಟ್ಟಿಂಗಿನೊಳಗೆ ಸೇರುವ ಜಾಗದಲ್ಲಿ. ಆದ್ದರಿಂದ ನಿಮ್ಮ ಎಚ್ಚರವೆಲ್ಲ ಅಲ್ಲಿರಬೇಕು.

ನಲ್ಲಿಯ ಥ್ರೆಡ್ ಸಾಮಾನ್ಯವಾಗಿ ತುದಿಯಲ್ಲಿ ತುಸು ಕಿರಿದಾಗಿದ್ದು ಒಳಗೆ ಹೋದಂತೆ ಅಗಲವಾಗುತ್ತದೆ. ಅದನ್ನು ಬರಿಯ ಪ್ಲಾಸ್ಟಿಕ್ ಥ್ರೆಡ್‌ನೊಳಗೆ ಸ್ಪ್ಯಾನರ್ ಹಾಕಿ ಬಿಗಿದರೆ, ಮರದ ಸೀಳಿಗೆ ಬೆಣೆ ಹೊಡೆದಂತೆ ಫಿಟ್ಟಿಂಗಿನ ಗೋಡೆ ಹೊರಕ್ಕೆ ಹಿಗ್ಗುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ; ಒಳಗೆ ಉಳಿದ ಒತ್ತಡ ತಿಂಗಳುಗಳ ನಂತರ ಕೂದಲೆಳೆಯಷ್ಟು ಬಿರುಕಾಗಿ ತೋರಿಕೊಳ್ಳುತ್ತದೆ. ಹಾಗಾಗಿ ಒಳಗೆ ಹಿತ್ತಾಳೆಯ ಥ್ರೆಡ್ ಕೂರಿಸಿರುವ ಎಲ್ಬೋ (ಪೈಪು ತಿರುಗುವಲ್ಲಿ ಹಾಕುವ ಫಿಟ್ಟಿಂಗ್) ಅಥವಾ ಟೀಯನ್ನೇ (ಮೂರು ಬಾಯಿಯ ಕವಲು ಫಿಟ್ಟಿಂಗ್) ಬಳಸಿ. ನಲ್ಲಿಯ ಥ್ರೆಡ್‌ಗೆ ಟೆಫ್ಲಾನ್ ಟೇಪನ್ನು, ತಿರುಗಿಸುವಾಗ ಬಿಚ್ಚಿಕೊಳ್ಳದ ದಿಕ್ಕಿನಲ್ಲಿ ಸುತ್ತಿ, ಕೈಯಿಂದ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಸ್ವಲ್ಪವೇ ಬಿಗಿ ಮಾಡಿದರೆ ಸಾಕು. ಸಿಪಿವಿಸಿ (ಬಿಸಿನೀರನ್ನು ತಾಳುವ ಒಂದು ಬಗೆಯ ಪಿವಿಸಿ ಪ್ಲಾಸ್ಟಿಕ್) ಪೈಪಾದರೆ ಎಣ್ಣೆ ಬೆರೆತ ಸೀಲಿಂಗ್ ಪೇಸ್ಟುಗಳನ್ನು ದೂರವಿಡಿ, ಏಕೆಂದರೆ ಕೆಲವು ಎಣ್ಣೆಗಳು ಆ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತವೆ.

ಮೆಷಿನ್‌ನ ಹೋಸಿಗೆ ಟೇಪು ಬೇಡ. ಅದರ ತುದಿಯ ನಟ್ಟು ಸಾಮಾನ್ಯವಾಗಿ ಮುಕ್ಕಾಲು ಇಂಚಿನದು. ಅಲ್ಲಿ ನೀರನ್ನು ತಡೆಯುವುದು ಒಳಗಿರುವ ರಬ್ಬರ್ ವಾಷರ್. ಕೈಯಿಂದ ಬಿಗಿದದ್ದೇ ಸಾಕಾಗುತ್ತದೆ.

ಹೊಸ ಟೀ ಕೂರಿಸುವ ಮೊದಲು ನಿಮ್ಮ ಪೈಪು ಯಾವುದೆಂದು ಅದರ ಮೇಲಿನ ಮುದ್ರೆ ಓದಿ ತಿಳಿದುಕೊಳ್ಳಿ. ಯುಪಿವಿಸಿ (ಗಟ್ಟಿಯಾದ ಸಾಮಾನ್ಯ ಪಿವಿಸಿ) ತಣ್ಣೀರಿಗೆ ಮಾತ್ರ. ಬಿಸಿನೀರಿನ ಸಾಲಿಗೆ, ಅಂಟಿಸುವ ಪೈಪಾದರೆ, ಸಿಪಿವಿಸಿ ಇರಬೇಕು, ಮತ್ತು ಒಂದರ ಅಂಟು ಇನ್ನೊಂದಕ್ಕೆ ಸಲ್ಲದು. ಪಿಪಿಆರ್ (ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್) ಪೈಪಿಗಂತೂ ಇಂಥ ಯಾವ ಅಂಟೂ (ಸಾಲ್ವೆಂಟ್ ಸಿಮೆಂಟ್) ಹಿಡಿಯುವುದಿಲ್ಲ. ಅದನ್ನು ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಪಕರಣದಿಂದ ಕರಗಿಸಿಯೇ ಬೆಸೆಯಬೇಕಾದ್ದರಿಂದ ಆ ಕೆಲಸವನ್ನು ಪ್ಲಂಬರಿಗೆ ಬಿಡುವುದು ಒಳ್ಳೆಯದು. ಅಂಟಿಸುವ ಪೈಪುಗಳಲ್ಲಿ ಹೆಚ್ಚಿನವರು ತಪ್ಪುವುದು ತೇವದ ವಿಷಯದಲ್ಲಿ. ಮುಖ್ಯ ವಾಲ್ವ್ ಮುಚ್ಚಿದ ಮೇಲೂ ಹಳೆಯ ಸಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅಂಟು ಸರಿಯಾಗಿ ಕೂರುವುದಿಲ್ಲ. ಸಾಲನ್ನು ಪೂರ್ತಿ ಖಾಲಿ ಮಾಡಿ, ತುದಿಯನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಒರೆಸಿ ಒಣಗಿಸಿದ ನಂತರವೇ ಅಂಟು ಹಚ್ಚಿ. ಕಾಲು ಸುತ್ತು ತಿರುಗಿಸಿ ಒಳಗೆ ತಳ್ಳಿ, ಹೊರಕ್ಕೆ ಜಾರದಂತೆ ಅರ್ಧ ನಿಮಿಷ ಹಿಡಿದಿಡಿ. ನೀರು ಬಿಡಲು ಎಷ್ಟು ಹೊತ್ತು ಕಾಯಬೇಕೆಂಬುದು ಅಂಟಿನ ಡಬ್ಬಿಯ ಮೇಲೇ ಇರುತ್ತದೆ. ಆತುರಕ್ಕಾಗಿ ಅದನ್ನು ಕಡಿಮೆ ಮಾಡಬೇಡಿ.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದೇ ಕಡಿಮೆ. ಮೆಷಿನ್‌ನೊಳಗಿನ ವಿದ್ಯುತ್ ವಾಲ್ವ್ ಥಟ್ಟನೆ ಮುಚ್ಚಿದಾಗ, ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಹೊಡೆತ ಕೊಡುತ್ತದೆ. ಪ್ಲಾಸ್ಟಿಕ್ ಪೈಪು ತುಸು ಬಾಗುವ ಗುಣದಿಂದ ಆ ಹೊತ್ತಿನ ಒತ್ತಡವನ್ನು ಲೋಹಕ್ಕಿಂತ ತಗ್ಗಿಸುತ್ತದಾದರೂ, ಪ್ರತಿ ಬಾರಿ ಬಟ್ಟೆ ಒಗೆಯುವಾಗ ಅದು ಹಲವು ಸಲ ಮರುಕಳಿಸುವುದರಿಂದ ಸಡಿಲವಾಗಿ ತೂಗಾಡುವ ಪೈಪಿನ ಕೀಲು ದಣಿಯುತ್ತದೆ. ಆದ್ದರಿಂದ ನಲ್ಲಿಯ ಸಮೀಪದಲ್ಲೇ ಪೈಪನ್ನು ಗೋಡೆಗೆ ಕ್ಲಾಂಪಿನಿಂದ ಭದ್ರಪಡಿಸಿ. ಲೋಹದ ನಲ್ಲಿಯ ಭಾರ ಮತ್ತು ಹೋಸಿನ ಎಳೆತ ಪ್ಲಾಸ್ಟಿಕ್ ಕೀಲಿನ ಮೇಲೆ ಬೀಳಕೂಡದು. ದಡದಡ ಸದ್ದು ಇನ್ನೂ ಜೋರಾಗಿದ್ದರೆ ನಲ್ಲಿಯನ್ನು ಸ್ವಲ್ಪ ಕಡಿಮೆ ತೆರೆದು ನೋಡಿ.

ಮೇಲಿನ ಟ್ಯಾಂಕಿನಿಂದ ಬರುವ ನೀರಾದರೆ ಒತ್ತಡ ಸಾಲುವುದೇ ಎಂದು ಮೆಷಿನ್‌ನ ಕೈಪಿಡಿಯಲ್ಲಿ ನೋಡಿಕೊಳ್ಳಿ. 3 ಮೀಟರ್ ಎತ್ತರದ ನೀರು ಸುಮಾರು 0.3 ಬಾರ್ ಒತ್ತಡವನ್ನಷ್ಟೇ ಕೊಡುತ್ತದೆ. ಎಲ್ಲ ಮುಗಿದ ಮೇಲೆ ನೀರು ಬಿಟ್ಟು, ಪ್ರತಿ ಕೀಲಿನ ಸುತ್ತ ಒಣ ಕಾಗದ ಸುತ್ತಿಟ್ಟು, ಮೊದಲ ಒಗೆತ ಪೂರ್ತಿಯಾದ ಮೇಲೆ ಮತ್ತು ಮರುದಿನ ಬೆಳಿಗ್ಗೆ ಅದು ಒದ್ದೆಯಾಗಿದೆಯೇ ಎಂದು ಪರೀಕ್ಷಿಸಿ.