ಕ್ಯಾನ್ಸರಿನ ಮೂಲಮನೆ ಯಾವುದು?

ಮಂಗಳೂರಿನಲ್ಲಿ ವಾರ್ಡ್ ಪೋಸ್ಟಿಂಗ್ ಇದ್ದಾಗ ಒಬ್ಬ ಹುಡುಗ ಕೇಳಿದ: "ಸಿಸ್ಟರ್, ಅಮ್ಮನಿಗೆ ಮೊದಲು ಎದೆಯ ಕ್ಯಾನ್ಸರ್ ಇತ್ತು. ಈಗ ಬೆನ್ನುಮೂಳೆಗೂ ಬಂದಿದೆಯಂತೆ. ಹಾಗಾದರೆ ಎರಡು ಕ್ಯಾನ್ಸರಾ?"

ಅಲ್ಲ, ಒಂದೇ. ಉಡುಪಿಯವರು ಮುಂಬೈಗೆ ಹೋಗಿ ನೆಲೆಸಿದರೂ ಅವರ ಮೂಲಮನೆ ಉಡುಪಿಯಲ್ಲೇ ಇರುತ್ತದಲ್ಲ, ಹಾಗೆ. ಮೂಳೆಯಲ್ಲಿ ಕೂತದ್ದು ಸ್ತನದ ಜೀವಕೋಶವೇ, ಔಷಧಿಯೂ ಸ್ತನದ ಕ್ಯಾನ್ಸರಿನದ್ದೇ. ಇಷ್ಟು ಹಿಡಿದುಕೊಂಡರೆ ಪಾಠದ ಅರ್ಧ ಭಾಗ ತಲೆಗೆ ಹೋದಂತೆ.

ಮೂಲಮನೆ ನೋಡಿಯೇ ಹೆಸರಿಡುವುದು. ಚರ್ಮ, ಬಾಯಿಯ ಒಳಪದರ, ಕರುಳು, ಗ್ರಂಥಿಗಳ ಹೊದಿಕೆಯಲ್ಲಿ ಹುಟ್ಟಿದರೆ ಕಾರ್ಸಿನೋಮಾ. ಹೆಚ್ಚಿನವು ಇದೇ ಜಾತಿ. ಮೂಳೆ, ಸ್ನಾಯು, ಕೊಬ್ಬಿನದ್ದು ಸಾರ್ಕೋಮಾ. ದುಗ್ಧಗ್ರಂಥಿಯದ್ದು (ಹಾಲಿನ ಗ್ರಂಥಿಯಲ್ಲ, ಕುತ್ತಿಗೆ, ಕಂಕುಳಲ್ಲಿರುವ ಲಿಂಫ್ ಗ್ರಂಥಿ) ಲಿಂಫೋಮಾ, ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಓಡಾಡುವುದು ಲ್ಯುಕೇಮಿಯಾ. ರಕ್ತದಲ್ಲಿ ಹರಿಯುವುದನ್ನು ಕತ್ತರಿಸಿ ತೆಗೆಯಲು ಬರುವುದಿಲ್ಲ, ಹಾಗಾಗಿ ಅಲ್ಲಿ ಔಷಧಿಯದ್ದೇ ಮುಖ್ಯ ಪಾತ್ರ. ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಎಂಬ ನಿಧಾನಗತಿಯ ರಕ್ತ ಕ್ಯಾನ್ಸರಿಗೆ 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ರೋಗಿಗಳ ಆಯುಷ್ಯವನ್ನೇ ಬದಲಿಸಿತು.

ಒಂದೇ ಅಂಗದ ಕ್ಯಾನ್ಸರಿನಲ್ಲೂ ಒಳಜಾತಿಗಳಿವೆ. ಸ್ತನದ ಗಡ್ಡೆಗೆ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಇದ್ದರೆ ಟಾಮಾಕ್ಸಿಫೆನ್‌ನಂಥ ಮಾತ್ರೆ 5ರಿಂದ 10 ವರ್ಷ; ಹರ್‌2 ಎಂಬ ಪ್ರೋಟೀನ್ ಹೆಚ್ಚಿದ್ದರೆ ಅದನ್ನು ತಡೆಯುವ ಔಷಧಿ ಟ್ರಾಸ್ಟುಜುಮ್ಯಾಬ್. ಇದನ್ನು ತಿಳಿಸುವುದು ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾತ್ರ. "ಸೂಜಿ ತಾಗಿಸಿದರೆ ಹರಡುತ್ತದೆ" ಎಂಬ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಮುಂದೂಡಿದವರನ್ನು ಕಂಡಿದ್ದೇನೆ. ದಯವಿಟ್ಟು ಆ ಹೆದರಿಕೆಗೆ ಸೊಪ್ಪು ಹಾಕಬೇಡಿ.

ಬಾಯಿಯ ಕ್ಯಾನ್ಸರನ್ನು ಮಾತ್ರ ಎಲ್ಲಕ್ಕಿಂತ ಗಮನವಿಟ್ಟು ಓದಿ, ಇದು ನಮ್ಮ ಜಗಲಿಯ ಹರಿವಾಣದಲ್ಲೇ ಇರುವ ವಿಷಯ. ನಮ್ಮದೂ ಅಡಿಕೆ ತೋಟದ ಮನೆ, ಬರೆಯಲು ಸಂಕಟವಾಗುತ್ತದೆ. ಆದರೆ ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳಿಚಿ ಹಗ್ಗದಂತೆ ಬಿಗಿಯುವುದುಂಟು. ಮೀನಿನ ಸಾರು ತಾಗಿದರೆ ಉರಿ. ಬಾಯಿ ತೆರೆಸಿ, ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗುತ್ತದೆಯೇ ನೋಡಿ. ನಾನು ನೋಡಿದ ಒಬ್ಬ ಅಜ್ಜಿಗೆ ಒಂದೂವರೆ ಬೆರಳೂ ಹೋಗಲಿಲ್ಲ. ಇದು ಕ್ಯಾನ್ಸರಲ್ಲ, ಮುಂದೆ ಆಗಬಹುದಾದ ಸ್ಥಿತಿ.

ಕ್ಯಾನ್ಸರೇ ಆದರೆ ಸಾಮಾನ್ಯವಾಗಿ ಮೊದಲು ಆಪರೇಷನ್, ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವುದಿದೆ. ಹಂತ ಮುಂದುವರಿದಿದ್ದರೆ ಆಮೇಲೆ ರೇಡಿಯೇಶನ್, ಕೆಲವರಿಗೆ ಅದರೊಟ್ಟಿಗೆ ಸಿಸ್‌ಪ್ಲಾಟಿನ್ ಕೀಮೋ. ರೇಡಿಯೇಶನ್ನಿಗೆ ನಮ್ಮಲ್ಲಿ "ಕರೆಂಟ್ ಕೊಡುವುದು" ಎನ್ನುತ್ತಾರೆ. ಆ ಅಜ್ಜಿಯ ಪಕ್ಕದ ಹಾಸಿಗೆಯವರು ಶಾಕ್ ಹೊಡೆಯುತ್ತದೆಂದು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ, ತಲೆ ಅಲುಗಾಡಬಾರದೆಂದು. ವಾರಕ್ಕೆ 5 ದಿನ, 6–7 ವಾರ. ಕಿರಣ ಬೀಳುವಾಗ ನೋವಿಲ್ಲ. ಎರಡು-ಮೂರು ವಾರ ಕಳೆದ ಮೇಲೆ ಬಾಯಿಹುಣ್ಣು, ಜೊಲ್ಲು ಒಣಗುವುದು ಶುರು. ಅದಕ್ಕೇ ಹುಳುಕುಹಲ್ಲನ್ನು ಮೊದಲೇ ಕೀಳಿಸುವುದು; ಆಮೇಲೆ ಕಿತ್ತರೆ ದವಡೆಮೂಳೆ ಗುಣವಾಗುವುದು ಬಹಳ ಕಷ್ಟ.

ಇದನ್ನೆಲ್ಲ ಹೇಳಿದ ಮೇಲೆ ಆ ಪಕ್ಕದ ಹಾಸಿಗೆಯವರು ಕೇಳಿದ್ದು ಒಂದೇ: "ಗಂಜಿ ಕುಡಿಯಬಹುದಲ್ಲವಾ?" ಕುಡಿಯಬಹುದು, ಆರಿಸಿ, ಖಾರವಿಲ್ಲದೆ.