ಕಲ್ಲಿದ್ದಲಿನ ಕರೆಂಟಾದರೂ ಲೆಕ್ಕ ಬೇರೆ

ದಾವಣಗೆರೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡವರೆಲ್ಲ ಈ ಮಾತು ಕೇಳಿರುತ್ತಾರೆ: "ಕರೆಂಟ್ ಬರೋದೂ ಕಲ್ಲಿದ್ದಲಿಂದಲೇ ಅಲ್ವಾ? ಪಿ.ಬಿ. ರಸ್ತೆಯ ಹೊಗೆ ಕುಡತಿನಿಗೆ ಹೋಯ್ತು, ಅಷ್ಟೆ."

ಇದರಲ್ಲಿ ಅರ್ಧ ನಿಜವಿದೆ. ಬಳ್ಳಾರಿಯ ಕುಡತಿನಿಯಲ್ಲೂ ರಾಯಚೂರಿನ ಶಕ್ತಿನಗರದಲ್ಲೂ ಕಲ್ಲಿದ್ದಲು ಸುಟ್ಟೇ ಕರೆಂಟ್ ಮಾಡುತ್ತಾರೆ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆದರೆ ಆ "ಅಷ್ಟೆ" ಮಾತ್ರ ತಪ್ಪು.

ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ. ಸುಟ್ಟರೆ 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ! ಪೆಟ್ರೋಲಿನ ಒಂದೊಂದು ಕಾರ್ಬನ್ ಕಣವೂ ಗಾಳಿಯಿಂದ ಎರಡೆರಡು ಆಕ್ಸಿಜನ್ ಕಣ ಹಿಡಿದುಕೊಳ್ಳುತ್ತದೆ. ಬರಿಗೈಲಿ ಸಂತೆಗೆ ಹೋದವನು ಎರಡು ಮೂಟೆ ಹೊತ್ತು ಬಂದ ಹಾಗೆ. ಒಂದೊಂದು ಮೂಟೆಯೂ ಹೊತ್ತವನಿಗಿಂತ ಭಾರ.

ಇಷ್ಟು ಸುಟ್ಟರೂ ಚಕ್ರಕ್ಕೆ ಸಿಗುವುದು ಸ್ವಲ್ಪವೇ. ಸೈಲೆನ್ಸರ್ ತಾಗಿ ಕಾಲು ಸುಟ್ಟುಕೊಂಡವರಿಗೆ ಕಾರಣ ಗೊತ್ತು. ನೂರು ರೂಪಾಯಿ ಪೆಟ್ರೋಲಿನಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹೋಗುತ್ತದೆ. ಮೂರು ಕಲ್ಲಿನ ಒಲೆ ಹೀಗೇ ಅಲ್ವಾ? ಪಾತ್ರೆಗಿಂತ ಅಡುಗೆಮನೆಯೇ ಜಾಸ್ತಿ ಕಾಯುತ್ತದೆ. ಕಲ್ಲಿದ್ದಲಿನ ಸ್ಥಾವರವೂ ಮೂರರಲ್ಲಿ ಎರಡು ಪಾಲು ಬಿಸಿ ಕಳೆದುಕೊಳ್ಳುತ್ತದೆ, ನಿಜ. ಆದರೆ ಮೋಟರ್ ತನಗೆ ಸಿಕ್ಕ ಕರೆಂಟನ್ನು ಹೆಚ್ಚುಕಡಿಮೆ ಪೂರ್ತಿ ಚಕ್ರಕ್ಕೆ ಕೊಡುತ್ತದೆ.

ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಟ್ಟರೆ 100 ಕಿ.ಮೀ.ಗೆ 5 ಕೆಜಿ. ಎಣ್ಣೆ ಸಂಸ್ಕರಿಸಿ ಬಂಕಿಗೆ ತರುವ ಹೊಗೆ ಇದರಲ್ಲಿ ಸೇರಿಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೆ ತಂತಿ, ಚಾರ್ಜರ್ ಎಲ್ಲದರ ನಷ್ಟ ಸೇರಿಸಿ 4 ಯೂನಿಟ್ ಹಿಡಿಯೋಣ. 2.8 ಕೆಜಿ ಆಯಿತು.

ಬ್ಯಾಟರಿ ಮಾತ್ರ ಸಾಲ ಹೊತ್ತೇ ಮನೆಗೆ ಬರುತ್ತದೆ. ಒಂದು ಯೂನಿಟ್ ಹಿಡಿಯುವ ಬ್ಯಾಟರಿ ತಯಾರಿಸಲು ಸುಮಾರು 60ರಿಂದ 100 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. 3 ಯೂನಿಟ್ಟಿನದಕ್ಕೆ 240 ಕೆಜಿ ಎನ್ನೋಣ. 100 ಕಿ.ಮೀ.ಗೆ ಉಳಿಯುವ 2.2 ಕೆಜಿಯನ್ನೇ ಕಂತಾಗಿ ಕಟ್ಟುತ್ತಾ ಹೋದರೆ 11,000 ಕಿ.ಮೀ.ಗೆ ಸಾಲ ಚುಕ್ತಾ. ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿಬರುವವರಿಗೆ ಒಂದೂಕಾಲು ವರ್ಷ ಸಾಕು.

ಕಾರುಗಳ ಬಗ್ಗೆ ಇಂಟರ್‌ನ್ಯಾಷನಲ್ ಕೌನ್ಸಿಲ್ ಆನ್ ಕ್ಲೀನ್ ಟ್ರಾನ್ಸ್‌ಪೋರ್ಟೇಶನ್ ಎಂಬ ಸಂಶೋಧನಾ ಸಂಸ್ಥೆ 2021ರಲ್ಲಿ ಹುಟ್ಟಿನಿಂದ ಗುಜರಿವರೆಗೆ ಲೆಕ್ಕ ಹಾಕಿತ್ತು. ಭಾರತದಲ್ಲಿ ಎಲೆಕ್ಟ್ರಿಕ್ ಕಾರಿನ ಹೊಗೆ ಪೆಟ್ರೋಲ್ ಕಾರಿನದಕ್ಕಿಂತ ಶೇ. 19ರಿಂದ 34 ಕಡಿಮೆ. ಯುರೋಪಿನಲ್ಲಿ ಶೇ. 66ರಿಂದ 69 ಕಡಿಮೆ. ಅಲ್ಲಿನ ಕರೆಂಟಿನಲ್ಲಿ ಕಲ್ಲಿದ್ದಲು ಕಡಿಮೆ.

ಗಣಿಯ ಲೆಕ್ಕ ಬೇರೆಯೇ ಇದೆ. ಲಿಥಿಯಂ, ತಾಮ್ರಕ್ಕಾಗಿ ಎಲ್ಲೋ ನೆಲ ಅಗೆಯಲೇಬೇಕು. ಇಂಗಳದಾಳಿನ ತಾಮ್ರದ ಗಣಿ ನೋಡಿದ ಚಿತ್ರದುರ್ಗದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಾಯ ಕಿಲೋಗ್ರಾಂನಲ್ಲಿ ಕಾಣುವುದಿಲ್ಲ.

1902ರಲ್ಲೇ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದು ಕಾವೇರಿ ನೀರಿನ ಕರೆಂಟ್. ನೀರೋ ಕಲ್ಲಿದ್ದಲೋ ಗಾಳಿಯೋ, ತಂತಿಗೆ ಎಲ್ಲಾ ಒಂದೇ. ನನಗೆ ತುಂಬಾ ಇಷ್ಟವಾಗುವ ವಿಷಯ ಇದು. ಇವತ್ತು ಕೊಂಡ ಪೆಟ್ರೋಲ್ ಸ್ಕೂಟರ್ ಹತ್ತು ವರ್ಷ ಆದರೂ ಪೆಟ್ರೋಲನ್ನೇ ಸುಡುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನ ಹೊಗೆ ಮಾತ್ರ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಹೆಚ್ಚಿದಂತೆ ಇಳಿಯುತ್ತಾ ಹೋಗುತ್ತದೆ. ಆಷಾಢದಲ್ಲಿ ಅಲ್ಲಿ ಬೀಸುವ ಗಾಳಿ ನೋಡಬೇಕು!

ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಹಗಲಲ್ಲಿ ಬಿಸಿಲಿನ ಕರೆಂಟ್ ಜಾಸ್ತಿ, ಸಂಜೆ ಏಳಕ್ಕೆ ಅದು ಇಲ್ಲವೇ ಇಲ್ಲ. ಹಾಗಾಗಿ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೇ ಸ್ಕೂಟರನ್ನು ಚಾರ್ಜಿಗೆ ಹಾಕುತ್ತೇನೆ.