ಬೆಳೆ ತೆಗೀಬೇಡಿ, ಗೇಣಿ ನಾವು ಕೊಡ್ತೀವಿ

ನಮ್ಮಲ್ಲಿ ಸಬ್ಸಿಡಿ ಅಂದ್ರೆ ಗೊಬ್ಬರ, ಡ್ರಿಪ್ ಪೈಪು, ಪಂಪ್‌ಸೆಟ್ಟು, ಒಟ್ನಲ್ಲಿ ಜಾಸ್ತಿ ಬೆಳೀರಿ ಅಂತ ಕೊಡೋ ದುಡ್ಡು. ಅಮೆರಿಕದವರು 1985ರ ಕೃಷಿ ಕಾಯ್ದೆಯಲ್ಲಿ ಉಲ್ಟಾ ಸ್ಕೀಮೊಂದನ್ನ ತಂದ್ರು, ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ, ಚಿಕ್ಕದಾಗಿ ಸಿಆರ್‌ಪಿ. ಹೊಲದಲ್ಲಿ ಬೆಳೆ ನಿಲ್ಸಿ ಹುಲ್ಲೋ ಮರಾನೋ ಹಾಕಿದ್ರೆ ಎಕರೆಗಿಷ್ಟು ಅಂತ ಸರ್ಕಾರನೇ ವರ್ಷವರ್ಷ ಗೇಣಿ ಕೊಡುತ್ತೆ, ಕರಾರು 10ರಿಂದ 15 ವರ್ಷ.

ಯಾಕೆ ಅಂತ ಗೊತ್ತಾಗ್ಬೇಕಂದ್ರೆ ವಾಷಿಂಗ್ಟನ್ ರಾಜ್ಯದ ವಿಟ್‌ಮನ್ ಕೌಂಟಿ ನೋಡ್ಬೇಕು (ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ). ಪಲೂಸ್ ಅನ್ನೋ ಗುಡ್ಡಗಳ ಸೀಮೆ ಅದು, ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ ನುಣ್ಣನೆ ಮಣ್ಣು, ಗೋಧಿಗೆ ಹೇಳಿ ಮಾಡ್ಸಿದ್ದು. ಆದ್ರೆ ಇಳಿಜಾರು ಎಷ್ಟು ಕಡಿದು ಅಂದ್ರೆ ಗುಡ್ಡದ ಮೇಲೂ ಮಟ್ಟಸವಾಗಿ ನಿಲ್ಲೋ ಕಟಾವು ಮೆಷಿನ್‌ಗಳನ್ನೇ ಅಲ್ಲಿಗೋಸ್ಕರ ಮಾಡ್ಬೇಕಾಯ್ತು. ಗೋಧಿ ಬಿತ್ತೋದು ಚಳಿಗಾಲಕ್ಕೆ ಮುಂಚೆ, ಮಳೆ ಮತ್ತು ಕರಗೋ ಹಿಮ ಬರೋ ಹೊತ್ತಿಗೆ ಪೈರು ಇನ್ನೂ ಬೆರಳುದ್ದ, ಅಡಿಯ ನೆಲ ಹೆಪ್ಪುಗಟ್ಟಿರುತ್ತೆ, ನೀರು ಇಂಗಲ್ಲ, ಮೇಲೆ ಸಡಿಲಾಗಿರೋ ಮಣ್ಣನ್ನ ಎಳ್ಕೊಂಡು ಹಳ್ಳಕ್ಕೆ ಹೋಗುತ್ತೆ. 1978ರ ಕೃಷಿ ಇಲಾಖೆ ಅಧ್ಯಯನದ ಪ್ರಕಾರ ಪಲೂಸ್‌ನ ಉಳುಮೆ ಭೂಮಿಯಲ್ಲಿ ಸುಮಾರು 10% ಅಷ್ಟೊತ್ತಿಗೇ ಮೇಲ್ಮಣ್ಣನ್ನ ಪೂರ್ತಿ ಕಳ್ಕೊಂಡಿತ್ತು.

ಯಾವ ಹೊಲಕ್ಕೆ ದುಡ್ಡು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಮಳೆಯ ರಭಸ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತೆ ಕಡಿದು, ಇವನ್ನೆಲ್ಲ ಗುಣಿಸಿ ನೆಲ ಬರಿದಾಗಿದ್ರೆ ವರ್ಷಕ್ಕೆ ಎಷ್ಟು ಮಣ್ಣು ಹೋಗ್ಬಹುದು ಅಂತ ತೆಗೀತಾರೆ, ಅದನ್ನ ಆ ನೆಲ ತಾಳ್ಕೊಳ್ಳೋ ಸವಕಳಿಯಿಂದ ಭಾಗಿಸ್ತಾರೆ. ಆಳ ಮಣ್ಣು ತಾಳೋದು ಎಕರೆಗೆ 5 ಟನ್. ಕೇಳೋಕೆ ಲೋಡುಗಟ್ಲೆ, ಆದ್ರೆ ಎಕರೆ ತುಂಬ ಹರಡಿದ್ರೆ ಒಂದು ಮಿಲಿಮೀಟರ್ ದಪ್ಪಾನೂ ಬರಲ್ಲ, ಅದಕ್ಕೇ ವರ್ಷಗಟ್ಲೆ ಯಾರ ಕಣ್ಣಿಗೂ ಬೀಳಲ್ಲ. ಉತ್ತರ 8 ಅಥವಾ ಜಾಸ್ತಿ ಬಂದ್ರೆ ಅತಿ ಸವಕಳಿಯ ಜಮೀನು ಅಂತ ಲೆಕ್ಕ.

ಹುಲ್ಲು ಬಂದ್ಮೇಲೆ ಹನಿ ನೇರ ಮಣ್ಣಿಗೆ ಹೊಡಿಯಲ್ಲ, ಬೇರಿನ ಸಂದಲ್ಲಿ ನೀರು ಇಂಗುತ್ತೆ, ಇಂಗಾಲ ನಿಧಾನಕ್ಕೆ ಸೇರ್ಕೊಳ್ಳುತ್ತೆ. ತೊಂದ್ರೆ ಏನಂದ್ರೆ ಕರಾರು ಮುಗಿದ ದಿನ ಮಾರ್ಕೆಟ್ ರೇಟ್ ನೋಡೋನು ರೈತ. 2007ರಲ್ಲಿ 3.68 ಕೋಟಿ ಎಕರೆ ಸ್ಕೀಮಲ್ಲಿತ್ತು, ಅದೇ ಗರಿಷ್ಠ. ಆಮೇಲೆ ಎಥೆನಾಲ್ ಬೇಡಿಕೆಯೂ ಸೇರಿ ಮೆಕ್ಕೆಜೋಳದ ಬೆಲೆ ಏರಿದ್ದೇ ತಡ ಲಕ್ಷಾಂತರ ಎಕರೆ ವಾಪಸ್ ನೇಗಿಲಿಗೆ ಹೋಯ್ತು, 2014ರ ಕಾಯ್ದೆ ಮಿತಿಯನ್ನೇ 2.4 ಕೋಟಿಗೆ ಇಳಿಸ್ತು. ಹತ್ತು ವರ್ಷ ಕೂಡಿಟ್ಟ ಇಂಗಾಲದಲ್ಲಿ ಎಷ್ಟೋ ಪಾಲು ಉತ್ತ ಮೊದಲ ಕೆಲವೇ ವರ್ಷದಲ್ಲಿ ಗಾಳಿಗೆ ಹೋಗುತ್ತೆ!

ಊರಿನ ಕಡೆಯಿಂದಾನೂ ತಕರಾರಿದೆ. ಹುಲ್ಲುಗಾವಲಿಗೆ ವರ್ಷವರ್ಷ ಬೀಜ ಬೇಡ, ಗೊಬ್ಬರ ಬೇಡ, ಕಟಾವಿಗೆ ಆಳೂ ಬೇಡ, ಗೇಣಿ ದುಡ್ಡು ದೂರದ ಸಿಟಿಯಲ್ಲಿರೋ ಮಾಲೀಕನ ಖಾತೆಗೆ ಹೋದ್ರೆ ಊರ ಅಂಗಡಿಗೇನು ಬಂತು? ಅದಕ್ಕೇ ಸಾಮಾನ್ಯವಾಗಿ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ 25%ಗಿಂತ ಜಾಸ್ತಿ ಸೇರಿಸ್ಬಾರದು ಅಂತ ರೂಲ್ ಇದೆ.

ನನ್ನ ಕೇಳಿದ್ರೆ ಇಡೀ ಹೊಲ ಬೀಳು ಬಿಡಿಸೋದಕ್ಕಿಂತ ಹುಲ್ಲನ್ನ ಎಲ್ಲಿ ಹಾಕಿಸ್ತೀವಿ ಅನ್ನೋದಕ್ಕೆ ದುಡ್ಡು ಸುರಿಯೋದೇ ವಾಸಿ. ಅಯೋವಾದಲ್ಲಿ ವಿಜ್ಞಾನಿಗಳು ಹೊಲದ ಬರೀ 10% ಜಾಗದಲ್ಲಿ, ನೀರು ಹರಿದು ಬರೋ ದಾರಿಗೆ ಅಡ್ಡಲಾಗಿ, ಅಲ್ಲಿನದೇ ಹುಲ್ಲು ಮತ್ತು ಹೂಗಿಡಗಳ ಪಟ್ಟಿ ಹಾಕಿ ನೋಡಿದ್ರು, ಕೊಚ್ಚಿಹೋಗೋ ಮಣ್ಣು ಸುಮಾರು 95% ಕಮ್ಮಿಯಾಯ್ತು, ಉಳಿದ ಜಾಗದಲ್ಲಿ ಮೆಕ್ಕೆಜೋಳ ಸೋಯಾ ಯಥಾಪ್ರಕಾರ. 2018ರ ಕಾಯ್ದೆಯಲ್ಲಿ ಈ ಪಟ್ಟಿಗಳಿಗೂ ಸಿಆರ್‌ಪಿ ಗೇಣಿ ಸಿಗೋ ಹಾಗಾಯ್ತು.